ಸಹಿಯ ಮೇಲಿನ ಖಾಲಿ ಜಾಗ

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಅವರ ಮಗ ಕಾರ್ಡು ಬರೆದಿದ್ದ. ನಾನಿರುವ ಈ ಹಳ್ಳಿಗೆ ಅಂಚೆಯವನು ವಾರಕ್ಕೆರಡು ಸಲ ಬರುತ್ತಾನೆ, ಅದೂ ಅವನ ಸೈಕಲ್ಲು ನೆಟ್ಟಗಿದ್ದರೆ. ಕಾರ್ಡಿನಲ್ಲಿದ್ದದ್ದು ಮೂರೇ ಸಾಲು. 'ತಾಯಿಯವರು ನಿಮ್ಮನ್ನು ಆಗಾಗ ನೆನೆಸುತ್ತಿದ್ದರು' ಎಂಬುದು ಮೂರನೆಯದು. ಹೇಗೆ ನೆನೆಸುತ್ತಿದ್ದರು ಎಂದು ಅವನು ಬರೆದಿರಲಿಲ್ಲ. ಅವನಿಗೆ ಗೊತ್ತಿರಲಿಕ್ಕೂ ಇಲ್ಲ. ನನಗೆ ಗೊತ್ತು, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಎಲ್ಲರಿಗಿಂತ ಹಿರಿಯರಾದ್ದರಿಂದ ದೊಡ್ಡ ಅಕ್ಕೋರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲಿಯೂ ಕರೆಯುವುದಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇಳಕಲ್ಲಿನ ಆ ಹೆಣ್ಣುಮಕ್ಕಳ ಶಾಲೆಗೆ ಸೇರಿದಾಗ ಅವರ ಕೈಯಲ್ಲಿ ಚಾರ್ಜು ಇತ್ತು. ಚಾರ್ಜು ಎಂದರೆ ಮುಖ್ಯಾಧ್ಯಾಪಕರು ಮಾಡಬೇಕಾದ ಎಲ್ಲ ಕೆಲಸ, ಮುಖ್ಯಾಧ್ಯಾಪಕರ ಹೆಸರೊಂದನ್ನು ಬಿಟ್ಟು. ಹಿಂದಿನವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಸರಕಾರ ಯಾರನ್ನೂ ಕಳಿಸಿರಲಿಲ್ಲ, ಇವರಿಗೂ ಕೊಟ್ಟಿರಲಿಲ್ಲ. ಗೋಡೆಯ ಮೇಲೆ ಮುಖ್ಯಾಧ್ಯಾಪಕರ ಹೆಸರುಗಳ ಹಲಗೆ ಇತ್ತು. ಅದರಲ್ಲಿ ಆರು ಗಂಡಸರ ಹೆಸರುಗಳು, ಆಮೇಲೆ ಬರೀ ಕರಿ ಬಣ್ಣ. ಬಂದವರು ಅದನ್ನು ನೋಡಿ, ಈಗ ಯಾರೂ ಇಲ್ಲೇನ್ರಿ ಎಂದು ಅವರನ್ನೇ ಕೇಳುತ್ತಿದ್ದರು. ಅವರೂ ಸಿಟ್ಟಾಗದೆ, ಏನು ಕೆಲಸವಿತ್ತು ಹೇಳಿ ಎನ್ನುತ್ತಿದ್ದರು.

ಕುಳ್ಳಗಿನ ಹೆಂಗಸು. ದನಿಯೂ ದೊಡ್ಡದಲ್ಲ. ಯೋಚನೆಗೆ ಬಿದ್ದರೆ ಬೆರಳಿಗಂಟಿದ ಸೀಮೆಸುಣ್ಣವನ್ನು ಸೆರಗಿಗೆ ತಿಕ್ಕುವ ಚಾಳಿ, ಹಾಗಾಗಿ ಅವರ ಕೆಂಪು ಸೆರಗು ಒಂದು ಮೂಲೆಯಲ್ಲಿ ಸದಾ ಬೆಳ್ಳಗೆ. ಹೊಗಳುವುದರಲ್ಲಿ ಮಹಾ ಜಿಪುಣಿ. ಮೊದಲ ಮೂರು ವರ್ಷದಲ್ಲಿ ನನಗೆ ಅವರಿಂದ ಸಿಕ್ಕ ಶಹಬ್ಬಾಸ್‌ಗಿರಿ ಎಂದರೆ ಒಂದು ಸಲ 'ನಡೀತೈತಿ' ಎಂದದ್ದು. ಅದನ್ನು ನಾನು ಮನೆಗೆ ಹೋಗಿ ಅವ್ವನ ಮುಂದೆ ಹೇಳಿಕೊಂಡೆ. ತಡವಾಗಿ ಬಂದವರನ್ನು ಮಾತ್ರ ಅವರು ಕ್ಷಮಿಸುತ್ತಿರಲಿಲ್ಲ. ಬಯ್ಯುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಶಾಲೆಯಲ್ಲಿ ಅವರನ್ನು ಸೇರಿಸಿ ನಾವು ಐದು ಜನ, ಎಲ್ಲರೂ ಹೆಂಗಸರು. ಅವರು ಒಂದು ಪದ್ಧತಿ ಮಾಡಿದ್ದರು. ವಾರಕ್ಕೊಬ್ಬರು ಹೆಡ್ಡು. ಆ ವಾರ ಗಂಟೆ ಬಾರಿಸುವುದರಿಂದ ಹಿಡಿದು ಪಾಲಕರ ಜಗಳ ಬಿಡಿಸುವವರೆಗೆ, ಸಾಹೇಬರು ತಪಾಸಣೆಗೆ ಬಂದರೆ ಉತ್ತರ ಕೊಡುವವರೆಗೆ ಎಲ್ಲ ಅವಳದೇ. ಅಕ್ಕೋರು ಆ ವಾರ ಒಂದನೇ ತರಗತಿಯ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಅಕ್ಷರ ತಿದ್ದಿಸುತ್ತಿದ್ದರು. ಇದು ಸರಕಾರದ ಯಾವ ಕಾಯಿದೆಯಲ್ಲಿಯೂ ಇರಲಿಲ್ಲ. ನಾನಂತೂ ಇದನ್ನು ಅವರ ಮೈಗಳ್ಳತನ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷದವಳಿಗೆ ಅಷ್ಟೇ ಬುದ್ಧಿ.

ನನ್ನ ಮೊದಲ ವಾರದಲ್ಲೇ ನೇಕಾರನೊಬ್ಬ ಬಂದು ಅಂಗಳದಲ್ಲಿ ನಿಂತು ಕೂಗಾಡಿದ. ಮಗ್ಗದ ಮನೆಗಳಲ್ಲಿ ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತಿ ಕೊಡಬೇಕು, ಇಲ್ಲದಿದ್ದರೆ ಅಪ್ಪನ ಲಾಳಿ ನಿಲ್ಲುತ್ತದೆ. ಮಗಳನ್ನು ಈಗಿಂದೀಗ ಕಳಿಸಿರಿ, ನಾಳೆಯಿಂದ ಅವಳು ಬರುವುದಿಲ್ಲ ಎಂದು ಅವನ ತಕರಾರು. ನಾನು ಓಡಿಹೋಗಿ ಅಕ್ಕೋರ ಬೆನ್ನ ಹಿಂದೆ ನಿಂತೆ. ಅವರು ಚಾಪೆಯಿಂದ ಏಳಲೇ ಇಲ್ಲ. ಈ ವಾರ ಹೆಡ್ಡು ಅವಳು, ಏನಿದ್ದರೂ ಅವಳನ್ನೇ ಕೇಳಿ ಎಂದು ಅವನಿಗೆ ನನ್ನನ್ನು ತೋರಿಸಿ ಮತ್ತೆ ಪಾಟಿಯ ಕಡೆ ತಿರುಗಿದರು. ನಾನು ಏನು ಮಾತಾಡಿದೆನೋ ನೆನಪಿಲ್ಲ. ಮುಂಜಾನೆ ಶಾಲೆ, ಮಧ್ಯಾಹ್ನ ಕಂಡಿಕೆ ಎಂದು ಕಡೆಗೆ ಅವನು ಒಪ್ಪಿದ್ದು ಮಾತ್ರ ನೆನಪಿದೆ. ಅವನು ಹೋದ ಮೇಲೆ ನಾನು ಚಾಪೆಯ ಅಂಚಿಗೆ ಬಂದು ಕೂತೆ.

"ದನಿ ನಡುಗಿದ್ರ ನಡುಗಲಿ ತಂಗಿ," ಎಂದರು ಅಕ್ಕೋರು. "ಮಾತು ನಡುವ ಬಿಡಬ್ಯಾಡ. ಪೂರ್ತಿ ಮಾಡು."

ಹುನಗುಂದದ ತಾಲೂಕು ಕಚೇರಿಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದರು. ಜೋಡಿ ಇಲ್ಲ, ಗಂಡ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಆ ಕಚೇರಿಯಲ್ಲಿ ಹೆಂಗಸರು ಗೋಡೆಗೆ ಒತ್ತಿ ನಿಂತು ತಾಸುಗಟ್ಟಲೆ ಕಾಯುವುದು ವಾಡಿಕೆಯಾಗಿತ್ತು. ಖಾಲಿ ಕುರ್ಚಿ ಕಂಡರೆ ಕೂತುಬಿಡು, ಕೂಡ್ರಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಏಳು ಎನ್ನುವುದಕ್ಕೂ ಯಾರಿಗೂ ಧೈರ್ಯವಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮಲ್ಲಿ ಶಿರೂರಿನ ಕಡೆಯ ಒಬ್ಬಳಿದ್ದಳು. ಬೀರಪ್ಪನಿಗೆ ನಡೆದುಕೊಳ್ಳುವ, ಕುರಿ ಕಾಯುವ ಮನೆತನದ ಹುಡುಗಿ, ಅವರ ಮನೆಯಲ್ಲಿ ಮೊದಲು ನೌಕರಿ ಹಿಡಿದವಳು. ಮೊದಲ ಸಲ ಅಲ್ಲಿ ಕುರ್ಚಿಯ ಮೇಲೆ ಕೂತು ಬಂದ ದಿನ ಅವಳು ನಮಗೆಲ್ಲ ಪೇಢೆ ಹಂಚಿದಳು. ನಕ್ಕೆವು. ಈಗ ನಗು ಬರುವುದಿಲ್ಲ.

ಇನ್ನೊಂದು ಪದ್ಧತಿಯನ್ನೂ ಅವರೇ ಹಾಕಿದ್ದರು. ಮುಂದಿನದೆಲ್ಲ ಅದರಿಂದಲೇ ಆದದ್ದರಿಂದ ಅದನ್ನು ಬಿಡಿಸಿ ಹೇಳಬೇಕು. ರಜೆ ಚೀಟಿ ಇಲ್ಲದೆ ಗೈರುಹಾಜರಾದರೆ ನೌಕರಿಯ ಪುಸ್ತಕದಲ್ಲಿ ಕಪ್ಪು ಗುರುತು ಬೀಳುತ್ತಿತ್ತು. ಮುಂಜಾನೆ ಎದ್ದಾಗ ಕೂಸಿಗೆ ಜ್ವರ ಬಂದಿದ್ದರೆ, ಅತ್ತೆ ಜಾರಿ ಬಿದ್ದಿದ್ದರೆ, ಚೀಟಿ ಬರೆದು ಯಾರ ಕೈಲಿ ಕಳಿಸುವುದು? ಆದ್ದರಿಂದ ನಾವು ಪ್ರತಿಯೊಬ್ಬರೂ ಎರಡೆರಡು ಬಿಳಿ ಹಾಳೆಗಳ ಕೆಳಗೆ ಬರೀ ಸಹಿ ಮಾಡಿ ಕಪಾಟಿನ ತಗಡಿನ ಡಬ್ಬಿಯಲ್ಲಿ ಇಟ್ಟಿರುತ್ತಿದ್ದೆವು. ಯಾರು ಬರಲಿಲ್ಲವೋ ಅವರ ಸಹಿಯ ಮೇಲಿನ ಖಾಲಿ ಜಾಗದಲ್ಲಿ ಆ ವಾರದ ಹೆಡ್ಡು ರಜೆ ಅರ್ಜಿ ಬರೆಯುವಳು. ಅಷ್ಟು ನಂಬಿಕೆ ನಮ್ಮೊಳಗಿತ್ತು. ಅಕ್ಕೋರು ರಜೆ ಹಾಕುವವರೇ ಅಲ್ಲ, ಆದರೂ ಎಲ್ಲರಂತೆ ತಾವೂ ಎರಡು ಹಾಳೆ ಇಟ್ಟಿದ್ದರು. ವರ್ಷಗಟ್ಟಲೆ ಇದ್ದು ಅವು ಹಳದಿಯಾಗಿದ್ದವು.

ಅವರ ಯಜಮಾನರ ವಿಷಯ ಹೇಳಬೇಕು. ಅರಿವೆ ಅಂಗಡಿಯಲ್ಲಿ ಇದ್ದರು. ಮೆದು ಮಾತಿನ ಮನುಷ್ಯ. ಕುಡಿತವಿಲ್ಲ, ಬಡಿತವಿಲ್ಲ, ಒಂದು ಏರು ಮಾತಿಲ್ಲ. ಮಳೆ ಬಂದರೆ ಕೊಡೆ ಹಿಡಿದು ಶಾಲೆಯ ಬಾಗಿಲಿಗೆ ಬರುತ್ತಿದ್ದರು. ನಾವು ಹರೆಯದವರು ಅದನ್ನು ನೋಡಿ, ಸಿಕ್ಕರೆ ಇಂಥವನು ಸಿಗಬೇಕು ಎಂದು ಮಾತಾಡಿಕೊಳ್ಳುತ್ತಿದ್ದೆವು. ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನಾನು ಸೇರಿ ಐದಾರು ವರ್ಷವಾಗಿರಬೇಕು. ಹಿರಿಯ ಶಿಕ್ಷಕಿಯರಿಗೆಂದು ಬಾದಾಮಿಯಲ್ಲಿ ಹತ್ತು ದಿನದ ತರಬೇತಿ ನಡೆಯಿತು. ಶಾಲೆಯ ಆಡಳಿತ ಹೇಗೆ ನಡೆಸಬೇಕು ಎಂಬುದನ್ನು ಕಲಿಸುವುದಂತೆ. ಅಕ್ಕೋರಿಗೆ ಅದನ್ನು ಕಲಿಸುವವರು ಯಾರಪ್ಪ ಎಂದು ನಾವು ಕುಚೇಷ್ಟೆ ಮಾಡಿದೆವು. ಅವರು ಮಾತ್ರ ಹೊಸ ನೋಟುಬುಕ್ಕು ಕೊಂಡು ಹೊರಟರು. ಅವರು ಅಲ್ಲಿದ್ದಾಗಿನ ಶನಿವಾರ, ಶಾಲೆ ಬಿಟ್ಟು ಎಲ್ಲರೂ ಹೋಗಿದ್ದರು. ಆ ವಾರದ ಹೆಡ್ಡು ನಾನು, ಕಪಾಟಿಗೆ ಕೀಲಿ ಹಾಕುತ್ತಿದ್ದೆ. ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಕ್ಕೋರಿಗೆ ಮುಖ್ಯಾಧ್ಯಾಪಕಿಯಾಗಿ ಬಡ್ತಿ ಬಂದಿದೆ, ಬಾದಾಮಿ ತಾಲೂಕಿನ ಒಂದು ಹಳ್ಳಿಗೆ ಹಾಕಿದ್ದಾರೆ, ಪತ್ರ ಮನೆಗೆ ಬಂದಿದೆ, ಒಪ್ಪಿಗೆಯೋ ಅಲ್ಲವೋ ಎಂದು ಕೂಡಲೇ ಕಚೇರಿಗೆ ತಿಳಿಸಬೇಕು ಎಂದರು.

"ಆಕಿ ಬ್ಯಾಡ ಅಂತ ಹೇಳಿ ಕಳಿಸ್ಯಾಳ್ರಿ," ಎಂದರು. "ಡಬ್ಬಿಯೊಳಗ ಆಕಿ ಸಹಿ ಮಾಡಿದ ಹಾಳಿ ಅದಾವಂತಲ್ರಿ. ಅದರ ಮ್ಯಾಲ ನೀವ ಬರದು ಕೊಡ್ರಿ. ನಿಮ್ಮ ಅಕ್ಷರ ಚೆಂದ ಅದಾವ."

ಯಾರ ಕೈಲಿ ಹೇಳಿ ಕಳಿಸಿದರು ಎಂದು ನಾನು ಕೇಳಬೇಕಿತ್ತು. ಇನ್ನು ನಾಲ್ಕೈದು ದಿನಕ್ಕೆ ಅವರೇ ಬರುತ್ತಾರಲ್ಲ ಎನ್ನಬೇಕಿತ್ತು. ಬಾದಾಮಿಗೆ ಬಸ್ಸಿತ್ತು, ನನ್ನ ಹತ್ತಿರ ಬಸ್ಸಿನ ದುಡ್ಡಿತ್ತು. ಕೇಳಲಿಲ್ಲ, ಎನ್ನಲಿಲ್ಲ, ಹೋಗಲಿಲ್ಲ. ಯಾಕೆಂದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಖುಷಿಯಾಯಿತು. ಅಕ್ಕೋರು ನಮ್ಮನ್ನು ಬಿಟ್ಟು ಹೋಗುವುದಿಲ್ಲ, ಅವರಿಲ್ಲದೆ ನಾನು ಒಬ್ಬಳೇ ಆ ಅಂಗಳದಲ್ಲಿ ನಿಲ್ಲಬೇಕಾಗುವುದಿಲ್ಲ ಎಂಬ ಖುಷಿ. ನನಗೆ ಬೇಕಾದದ್ದೇ ಆಗಿದ್ದರಿಂದ ನಾನು ಅದನ್ನು ನಂಬಿದೆ. ಹಾಳೆ ತೆಗೆದೆ, ಮಸಿ ಪೆನ್ನಿನಿಂದ ಬರೆದೆ. ಕೌಟುಂಬಿಕ ಕಾರಣಗಳಿಂದ ಬಡ್ತಿ ಬೇಡ ಎಂದಷ್ಟೇ ಯಜಮಾನರು ಹೇಳಿದ್ದು. ಅದರ ಕೆಳಗೆ ಒಂದು ಸಾಲು ನಾನೇ ಸೇರಿಸಿದೆ. 'ಈ ಶಾಲೆಯ ಮಕ್ಕಳನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.' ಚೆಂದ ಕಂಡಿತು. ಯಜಮಾನರು ಓದಿ, ಭಾಳ ಛಲೋ ಬರೆದಿರಿ ಎಂದು ಮಡಿಚಿ ಕಿಸೆಗೆ ಹಾಕಿಕೊಂಡರು.

ಮುಂದಿನ ಗುರುವಾರ ಅಕ್ಕೋರು ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಆದರೆ ಅಂಥ ಮುಖವನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿದೆ, ಇಂಥ ಹಳ್ಳಿಗೆ ಹಾಕಿದ್ದಾರೆ ಎಂದು ತರಬೇತಿಗೆ ಬಂದಿದ್ದ ಸಾಹೇಬರೊಬ್ಬರು ಅಲ್ಲಿಯೇ ಹೇಳಿದ್ದರಂತೆ. ಅವರು ರವಿವಾರ ಒಬ್ಬರೇ ಬಸ್ಸು ಹತ್ತಿ, ಚೊಳಚಗುಡ್ಡದ ಹತ್ತಿರ ಇಳಿದು, ಮುಂದೆ ನಡೆದುಕೊಂಡು ಹೋಗಿ ಆ ಹಳ್ಳಿಯ ಶಾಲೆಯನ್ನು ನೋಡಿ ಬಂದಿದ್ದರು. ಎರಡು ಕೋಣೆ, ಒಂದು ಸೋರುತ್ತದೆ. ಹೆಣ್ಣುಮಕ್ಕಳು ಎಂಟೇ ಜನ, ಅದನ್ನು ಮೊದಲು ಸರಿ ಮಾಡಬೇಕು. ಅಜ್ಜಿಯೊಬ್ಬಳು ಮನೆ ಬಾಡಿಗೆಗೆ ಕೊಡಲು ಒಪ್ಪಿದ್ದಾಳೆ, ಚಿಕ್ಕ ಮಗನನ್ನು ಜೊತೆಗೆ ಕರೆದೊಯ್ಯುವುದು. ಇಷ್ಟನ್ನೂ ಅವರು ನಿಂತೇ ಹೇಳಿದರು, ಸೆರಗಿಗೆ ಬೆರಳು ತಿಕ್ಕುತ್ತ. ಪತ್ರ ಇನ್ನೇನು ಬರುತ್ತದೆ ಎಂದರು. ಎಲ್ಲರೂ ಅವರ ಸುತ್ತ ನಿಂತಿದ್ದೆವು. ನಾನೂ ನಿಂತಿದ್ದೆ.

ಆಗಲೇ ಹೇಳಬಹುದಿತ್ತು. ನಾನು ಬರೆದ ಪತ್ರ ಇನ್ನೂ ಹುನಗುಂದದ ಕಚೇರಿಯ ಮೇಜಿನ ಮೇಲೇ ಇತ್ತೆಂದು ಆಮೇಲೆ ತಿಳಿಯಿತು. ಅಂದೇ ಹೋಗಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಆದರೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇನ್ನೊಬ್ಬರ ಸಹಿಯ ಮೇಲೆ ಸುಳ್ಳು ಪತ್ರ ಬರೆದವಳನ್ನು ಸರಕಾರ ಇಟ್ಟುಕೊಳ್ಳುತ್ತದೆಯೇ? ನಾಳೆ ಹೇಳಿದರಾಯಿತು ಎಂದುಕೊಂಡೆ. ಮೂರು ವಾರ ನಾಳೆ ನಾಳೆ ಎಂದೇ ಕಳೆದೆ. ಅವರು ದಿನಾ ಮನೆಯಲ್ಲಿ ಪತ್ರ ಬಂತೇ ಎಂದು ಕೇಳುತ್ತಿದ್ದರಂತೆ. ಯಜಮಾನರು, ಬರುತ್ತದೆ ಬಿಡು, ಸರಕಾರದ ಕೆಲಸ ಎನ್ನುತ್ತಿದ್ದರಂತೆ.

ಕಡೆಗೆ ಅಕ್ಕೋರು ತಾವೇ ಹುನಗುಂದಕ್ಕೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಆ ಕಚೇರಿಯ ಗುಮಾಸ್ತರು, ಎಷ್ಟೋ ದಿನದ ಮೇಲೆ. ಆ ಜಾಗಕ್ಕೆ ಪಟ್ಟಿಯಲ್ಲಿ ಇವರ ಕೆಳಗಿದ್ದ ಒಬ್ಬ ಮಾಸ್ತರನ್ನು ಹಾಕಿ ಆಗಿತ್ತು. ಗುಮಾಸ್ತರು ಫೈಲು ತೆಗೆದು ಪತ್ರ ತೋರಿಸಿದರು. ಅಕ್ಕೋರು ಅದನ್ನು ಎರಡು ಸಲ ಓದಿದರು. ನನ್ನ ಅಕ್ಷರವನ್ನು ಅವರು ಕತ್ತಲಲ್ಲೂ ಗುರುತಿಸುತ್ತಿದ್ದರು. ಸಹಿ ನಿಮ್ಮದೇ ಹೌದಲ್ಲ ಎಂದು ಗುಮಾಸ್ತರು ಕೇಳಿದ್ದಕ್ಕೆ ಹೌದು ಎಂದರು. ಅಲ್ಲ ಎಂದಿದ್ದರೆ ಚೌಕಶಿ, ವಿಚಾರಣೆ ಆಗುತ್ತಿತ್ತು, ಬಹುಶಃ ಬಡ್ತಿಯೂ ಉಳಿಯುತ್ತಿತ್ತು. ನಾನು ನೌಕರಿ ಕಳೆದುಕೊಂಡು ಮನೆಗೆ ಹೋಗುತ್ತಿದ್ದೆ. ಅವರು ಹೌದು ಎಂದು ಫೈಲು ಮುಚ್ಚಿ ಕೊಟ್ಟು ಎದ್ದು ಬಂದರು.

ಮರುದಿನ ಶಾಲೆ ಬಿಟ್ಟ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡರು. ಡಬ್ಬಿ ತೆಗೆದು ಅವರವರ ಹಾಳೆಗಳನ್ನು ಅವರವರ ಕೈಗೆ ಕೊಟ್ಟು ಹರಿಯಲು ಹೇಳಿದರು. ಇನ್ನು ಮೇಲೆ ಖಾಲಿ ಕಾಗದಕ್ಕೆ ಯಾರೂ ಸಹಿ ಮಾಡಬೇಡಿ, ಇದನ್ನು ಕಲಿಸಿದವಳು ನಾನು, ತಪ್ಪು ಕಲಿಸಿದೆ ಎಂದರು. ಉಳಿದವರಿಗೆ ಏನೂ ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ಅಕ್ಕೋರು ನನ್ನ ಹತ್ತಿರ ಬಂದರು. ನಾನು ಕಾಲು ಹಿಡಿಯಲು ಬಗ್ಗಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನೀ ಪತ್ರ ಬರದದ್ದು ಹೋಗಲಿ," ಎಂದರು. "ನಾ ಆ ಹಳ್ಳಿ ಸಾಲಿ ಬಗ್ಗೆ ಹೇಳಾಕತ್ತಿದ್ದೆ. ನೀ ನಿಂತು ಕೇಳಿದಿ."

ಅದರ ಮೇಲೆ ಆ ವಿಷಯ ಅವರು ಎತ್ತಲಿಲ್ಲ. ಎತ್ತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಯಜಮಾನರು ಮಳೆ ಬಂದಾಗ ಕೊಡೆ ಹಿಡಿದು ಬರುವುದನ್ನು ಬಿಡಲಿಲ್ಲ, ಅಕ್ಕೋರು ಅದರ ಕೆಳಗೆ ನಡೆದು ಹೋಗುವುದನ್ನೂ ಬಿಡಲಿಲ್ಲ.

ಎರಡು ವರ್ಷಕ್ಕೆ ನಮ್ಮ ಶಾಲೆಗೇ ಒಬ್ಬ ಮುಖ್ಯಾಧ್ಯಾಪಕರು ಬಂದರು. ವಯಸ್ಸಿನಲ್ಲಿ ಅಕ್ಕೋರಿಗಿಂತ ಚಿಕ್ಕವರು. ವಾರದ ಹೆಡ್ಡಿನ ಪದ್ಧತಿ ಕೇಳಿ ನಕ್ಕು, ಇದೇನು ಮನೆ ಮನೆ ಆಟವೇ ಎಂದು ಮೊದಲ ದಿನವೇ ನಿಲ್ಲಿಸಿದರು. ಅಕ್ಕೋರು ಒಂದೊಂದೇ ಪುಸ್ತಕ ಅವರ ಮುಂದೆ ಇಟ್ಟು, ಎಲ್ಲಿ ಏನು ಬರೆಯಬೇಕೆಂದು ತೋರಿಸಿ ಕೊಟ್ಟು, ಒಂದನೇ ತರಗತಿಯ ಚಾಪೆಗೆ ಹೋದರು. ನಾವು ಜಗಳಾಡುತ್ತಾರೆಂದು ಕಾದೆವು. ಆಡಲಿಲ್ಲ. ಅವರಲ್ಲಿ ಏನೋ ಆರಿ ಹೋಗಿತ್ತು, ಅದು ನನ್ನಿಂದ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಒಂದು ಮಾತ್ರ ಉಳಿದಿತ್ತು. ಪಗಾರದ ಹಾಳೆಗೆ ಸಹಿ ಮಾಡುವಾಗಲೂ ಅವರು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಅಕ್ಷರ ಓದುತ್ತಿದ್ದರು. ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರು.

ಹೀಗೆಯೇ ಅವರು ನಿವೃತ್ತರಾದರು. ಬೀಳ್ಕೊಡುವ ಸಭೆಗೆ ತಾಲೂಕಿನ ಸಾಹೇಬರು ಬಂದಿದ್ದರು. ಹಳೆಯ ಫೈಲು ನೋಡಿಕೊಂಡು ಬಂದಿದ್ದರೆಂದು ಕಾಣುತ್ತದೆ. ಬಡ್ತಿ ಮನೆ ಬಾಗಿಲಿಗೆ ಬಂದರೂ ಒಲ್ಲೆ ಎಂದ ತ್ಯಾಗಮಯಿ, 'ಈ ಶಾಲೆಯ ಮಕ್ಕಳನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ' ಎಂದು ಬರೆದ ತಾಯಿ, ಇಂದಿನ ಹೆಣ್ಣುಮಕ್ಕಳು ಇವರನ್ನು ನೋಡಿ ಕಲಿಯಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಯಜಮಾನರು ಕಣ್ಣೊರೆಸಿಕೊಂಡರು, ನಾಟಕವಲ್ಲ, ಅವರಿಗೆ ನಿಜವಾಗಿ ಅಳು ಬಂದಿತ್ತು. ನಾನು ಪೋಣಿಸಿದ ಆ ಸಾಲು ನನ್ನ ಕಿವಿಯಲ್ಲಿ ಸುಡುತ್ತಿತ್ತು. ಅಕ್ಕೋರು ಮಾತಾಡಲು ಎದ್ದರು. ಈಗ ಹೇಳುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಎಲ್ಲರಿಗೂ ನಮಸ್ಕಾರ, ಮಕ್ಕಳಿಗೆ ಹೊತ್ತಾಯಿತು, ಮನೆಗೆ ಬಿಡಿ ಎಂದಿಷ್ಟೇ ಹೇಳಿ ಕೂತರು.

ಸಂಜೆ ಅವರ ಹಾರ, ಶಾಲು, ತಟ್ಟೆ ಹಿಡಿದು ಮನೆಯವರೆಗೆ ನಾನೇ ಹೋದೆ. ಯಜಮಾನರು ಸಾಹೇಬರನ್ನು ಬಸ್ಸಿಗೆ ಕಳಿಸಲು ಹೋಗಿದ್ದರು. ಮಗ್ಗದ ಓಣಿಯಲ್ಲಿ ನಡೆಯುತ್ತಿರುವಾಗ ಅವರು, ನಿನ್ನ ಬಡ್ತಿ ಪತ್ರ ಬಂದಿದೆಯಂತೆ ಎಂದರು. ಬಂದು ಎಂಟು ದಿನವಾಗಿತ್ತು. ಬಾದಾಮಿ ತಾಲೂಕಿನಲ್ಲೇ, ಬೇರೊಂದು ಹಳ್ಳಿ. ನಾನು ಇನ್ನೂ ಏನೂ ಬರೆದಿಲ್ಲ, ಮನೆಯಲ್ಲಿ ಒಪ್ಪುತ್ತಿಲ್ಲ, ಅತ್ತೆಗೆ ಮೈಯಲ್ಲಿ ನೆಟ್ಟಗಿಲ್ಲ, ಮಗಳು ಚಿಕ್ಕವಳು ಎಂದೆಲ್ಲ ಹೇಳಿದೆ. ಅವರು ಕೇಳುತ್ತ ನಡೆದರು. ಆಗ ಎಷ್ಟೋ ವರ್ಷದಿಂದ ನುಂಗಿಕೊಂಡದ್ದು ನನ್ನ ಬಾಯಿಂದ ಬಂತು. ಅಂದು ನಾನು ಮೋಸ ಹೋಗಿ ಬರೆಯಲಿಲ್ಲ ಅಕ್ಕೋರೇ, ನೀವು ಹೋಗುವುದಿಲ್ಲ ಎಂದು ನನಗೆ ಖುಷಿಯಾಗಿತ್ತು, ಅದಕ್ಕೇ ಕೇಳದೆ ಬರೆದೆ ಎಂದೆ.

ಅವರು ನಿಂತರು. ಎರಡೂ ಕಡೆಯ ಮನೆಗಳಲ್ಲಿ ಮಗ್ಗ ನಡೆದಿದ್ದವು. ನನ್ನ ಮುಖ ನೋಡಲಿಲ್ಲ.

"ನಿನಗೊಬ್ಬಾಕಿಗೇ ಏನು?" ಎಂದರು. "ಮನ್ಯಾಗ ಅವರಿಗೂ ಖುಷಿ ಆತು, ಅತ್ತಿಗೂ ಆತು, ಮಕ್ಕಳಿಗೂ ಆತು. ಇವತ್ತು ಸಾಹೇಬರಿಗೂ ಆತು. ಎಲ್ಲಾರೂ ನನ್ನ ಮ್ಯಾಲಿನ ಪ್ರೀತಿಯಿಂದನ ಮಾಡಿದ್ರು ನೋಡು. ಖುಷಿ ಆಗದಾಕಿ ನಾ ಒಬ್ಬಾಕಿ." ಆಮೇಲೆ ಮತ್ತೆ ನಡೆಯತೊಡಗಿ, "ನೀ ಹೋಗ್ತೇನಿ ಅಂದ್ರ ಯಾರಿಗೂ ಖುಷಿ ಆಗೂದಿಲ್ಲ ತಂಗಿ. ಅದನ್ನ ಕಾಯಕೋತ ಕುಂಡ್ರಬ್ಯಾಡ."

ಮನೆಯ ಮೆಟ್ಟಿಲಲ್ಲಿ ತಟ್ಟೆ, ಶಾಲು ಇಸಿದುಕೊಂಡು ಒಳಗೆ ಹೋದರು. ಬಾ ಎನ್ನಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ.

ನಾನು ಒಪ್ಪಿಗೆ ಪತ್ರ ಬರೆದೆ. ಮನೆಯಲ್ಲಿ ಮೂರು ದಿನ ಯಾರೂ ನನ್ನೊಡನೆ ಮಾತಾಡಲಿಲ್ಲ, ಅತ್ತೆ ಊಟ ಬಿಟ್ಟರು. ನಾಲ್ಕನೆಯ ದಿನ ಹುನಗುಂದಕ್ಕೆ ಹೋಗಿ, ಕುರ್ಚಿಯಲ್ಲಿ ಕೂತು, ನನ್ನ ಕೈಯಿಂದಲೇ ಪತ್ರ ಕೊಟ್ಟು ಬಂದೆ. ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ನೆಟ್ಟಗೆ ಅಕ್ಕೋರ ಮನೆಗೆ ಹೋದೆ. ಇಡೀ ಊರಿನಲ್ಲಿ ಈ ಸುದ್ದಿ ಕೇಳಿ ಸಂತೋಷಪಡುವವರು ಅವರೊಬ್ಬರಾದರೂ ಇದ್ದಾರೆ ಎಂಬ ಧೈರ್ಯ. ಅವರು ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು. ಒಪ್ಪಿಗೆ ಕೊಟ್ಟು ಬಂದೆ, ಸೋಮವಾರ ಹೋಗಿ ಹಾಜರಾಗುತ್ತೇನೆ, ಹೆಡ್ಡು ಅಂತ ಎಂದೆ.

ಅವರ ಕೈ ಮೊರದಲ್ಲಿ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಆ ಮುಖದಲ್ಲಿ ಸಂತೋಷವಿರಲಿಲ್ಲ. ಹಸಿದವರು ಇನ್ನೊಬ್ಬರ ತಾಟಿನ ಕಡೆ ನೋಡುತ್ತಾರಲ್ಲ, ಹಾಗೆ ನೋಡಿದರು. ನಾನು ನೋಡಿದ್ದು ಅವರಿಗೂ ತಿಳಿಯಿತು, ಮುಖ ಮರೆಸಿಕೊಳ್ಳಲಿಲ್ಲ. ಮತ್ತೆ ಬೇಳೆಯ ಕಡೆ ತಿರುಗಿದರು.

"ಹೋಗು," ಎಂದರು. "ನನ್ನ ಮಾರಿ ನೋಡಕೋತ ನಿಂದರಬ್ಯಾಡ. ಹೋಗು."